ಗೇ ಗೆಳೆಯರಿಬ್ಬರ ಬಾಡಿಗೆ ಮನೆ, ಒಂದೇ ರಾತ್ರಿ: 18 ನಿಮಿಷದ ಕಿರುಚಿತ್ರಕ್ಕೆ ಸಲಹೆ ಬೇಕು

ಒಂದೂಮುಕ್ಕಾಲು_ರೂಮು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕನ್ನಡದಲ್ಲಿ ಒಂದು ಕಿರುಚಿತ್ರಕ್ಕೆ ತಯಾರಿ ನಡೀತಿದೆ. ಕಥೆ ಇಷ್ಟೇ: ಬೆಂಗಳೂರು ವಿಜಯನಗರದ ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಮಹೇಶ, ಕಿರಣ ಇಬ್ಬರೂ ಗೇ, ಮೂವತ್ತರ ಆಸುಪಾಸು. ಪ್ರೇಮಿಗಳಲ್ಲ, ಆರು ವರ್ಷದ ಗೆಳೆಯರು. ಮಹೇಶನ ಅಮ್ಮ ಹಾಸನದಿಂದ ಬೆಳಗಿನ ಬಸ್ಸಿಗೆ ಬರ್ತಾರೆ. ಹಿಂದಿನ ರಾತ್ರಿ ಇಬ್ಬರೂ ಸೇರಿ ಮನೆ 'ಸರಿ' ಮಾಡ್ತಾರೆ. ಗೋಡೆಯ ಪೋಸ್ಟರ್, ಫ್ರಿಜ್ಜಿನ ಮೇಲಿನ ಫೋಟೋ, ಬಾತ್‌ರೂಮಿನ ಶೆಲ್ಫು, ಎಲ್ಲಾ. ಸಾವಿಲ್ಲ, ಹೊಡೆದಾಟವಿಲ್ಲ, "ಅಮ್ಮಾ ನಾನು..." ಅಂತ ಅಳುವ ದೃಶ್ಯವೂ ಇಲ್ಲ.

ಇರೋದು: ಎಪಿಎಸ್‌ಸಿ (ಫುಲ್‌ಫ್ರೇಮಿಗಿಂತ ಚಿಕ್ಕ) ಸೆನ್ಸರಿನ ಒಂದು ಮಿರರ್‌ಲೆಸ್ ಕ್ಯಾಮೆರಾ, 16 ಮತ್ತು 35 ಎಂಎಂ ಲೆನ್ಸ್, 4 ದಿನ, ಒಟ್ಟು 7 ಜನ.

ಕೇಳಬೇಕಾದ್ದು ಮೂರು. ಇವರು ಪ್ರೇಮಿಗಳಲ್ಲ ಅನ್ನೋದು ಯಾರೂ ಬಾಯಿಬಿಟ್ಟು ಹೇಳದೆ ಹೇಗೆ ಗೊತ್ತಾಗಬೇಕು? 10×12 ಅಡಿ ರೂಮಿನಲ್ಲಿ ಕ್ಯಾಮೆರಾ, ಲೈಟು, ಸೌಂಡ್ ಹೇಗೆ? ಮತ್ತೆ ಸೆನ್ಸಾರ್, ಫೆಸ್ಟಿವಲ್ ವಿಚಾರ.

---

ಸಾಲುಮರ:

ಮೊದಲನೆಯದಕ್ಕೆ ಉತ್ತರ ಕನ್ನಡ ಭಾಷೆಯೊಳಗೇ ಇದೆ, ಬೇರೆ ಕಡೆ ಹುಡುಕಬೇಡಿ.

ಹಳೇ ಮೈಸೂರು ಕಡೆಯ ಮಾತಿನಲ್ಲಿ 'ಬಾರೋ'ಗೂ 'ಬಾರೇ'ಗೂ ಒಂದೇ ಸ್ವರದ ವ್ಯತ್ಯಾಸ. ಗೇ ಗೆಳೆಯರ ಗುಂಪಿನಲ್ಲಿ ಒಬ್ಬರನ್ನೊಬ್ಬರು 'ಏನೇ', 'ಕಣೇ', 'ಹೋಗೇ' ಅಂತ ಕರೆಯೋದು ಮಾಮೂಲು. ಅದು ಸಲಿಗೆಯ ಭಾಷೆ, ಪ್ರೇಮಿಗಳದ್ದಕ್ಕಿಂತ ಗೆಳತಿಯರದ್ದು ಅನ್ನಬಹುದು. ಹೊರಗಿನವರು ಬಂದ ತಕ್ಷಣ ಅದೇ ಬಾಯಿ 'ಓ'ಗೆ ತಿರುಗುತ್ತೆ. ಹೀಗೆ:

ಕಿರಣ: ಆ ಫೋಟೋ ತೆಗ್ಯೇ. ನಿಮ್ಮಮ್ಮ ಬಂದ್ರೆ ಮೊದ್ಲು ಹೋಗೋದೇ ಫ್ರಿಜ್ ಹತ್ರ.
ಮಹೇಶ: ನೀನೇ ತೆಗಿ. ನಂಗೆ ಕೈ ಬರ್ತಿಲ್ಲ.
(ಬಾಗಿಲು ಬಡಿದ ಸದ್ದು. "ಮಹೇಶಾ, ನೀರಿನ ಮೋಟ್ರು ಆಫ್ ಮಾಡಿದ್ಯೇನಪ್ಪಾ?" ಓನರ್ ಆಂಟಿಯ ದನಿ.)
ಕಿರಣ: ಯಾರು ನೋಡೋ.

'ತೆಗ್ಯೇ' ಅಂದವನು ಹತ್ತೇ ಸೆಕೆಂಡಿನಲ್ಲಿ 'ನೋಡೋ' ಅಂದ. ಇಡೀ ಚಿತ್ರ ಹೇಳಬೇಕಾದ್ದು ಆ ಒಂದು ಅಕ್ಷರದಲ್ಲಿ ಬಂತು. ಇದಕ್ಕೆ ಕ್ಲೋಸಪ್ ಬೇಡ, ಇಬ್ಬರೂ ಕಾಣುವ ವೈಡ್ ಶಾಟಿನಲ್ಲಿ ಹಾಗೇ ಹಾದುಹೋಗಲಿ. ಗೊತ್ತಿರುವವರಿಗೆ ಮೊದಲ ಸಲಕ್ಕೇ ಕೇಳಿಸುತ್ತೆ, ಉಳಿದವರಿಗೆ ಎರಡನೇ ಸಲ ಬಂದಾಗ ಕೇಳಿಸುತ್ತೆ. ಹಾಗಾಗಿ ಇಂಥ ತಿರುವು ಕನಿಷ್ಠ ಮೂರು ಸಲ ಇಡಿ: ಓನರ್ ಬಂದಾಗ, ಅಮ್ಮನ ಫೋನ್ ಬಂದಾಗ, ಬೆಳಗ್ಗೆ ಅಮ್ಮ ಬಂದಾಗ. ಮೂರನೆಯದರಲ್ಲಿ ಕಿರಣ ಒಮ್ಮೆ ಮರೆತು 'ಏನೇ' ಅಂದುಬಿಟ್ಟರೆ ಏನಾಗುತ್ತೆ, ಯೋಚನೆ ಮಾಡಿ.

ಆದರೆ ಇಬ್ಬರೂ ಒಂದೇ ಅಳತೆಯಲ್ಲಿ ಹೀಗೆ ಮಾತಾಡಬಾರದು. ಎಲ್ಲ ಗೇ ಗಂಡಸರೂ ಹೀಗೆ ಮಾತಾಡೋದಿಲ್ಲ. ಕಿರಣನಿಗೆ ಅದು ಸದಾ ಇರಲಿ, ಮಹೇಶನಿಗೆ ದಣಿದಾಗ, ಮನಸ್ಸು ಸಡಿಲವಾದಾಗ ಮಾತ್ರ ಬರಲಿ. ಕಿರಣ ಅಂದ ಮಾತಿಗೆ ನಗು ಬರಿಸುವ ರಿಯಾಕ್ಷನ್ ಶಾಟ್ ಎಲ್ಲೂ ಬೇಡ. ಹೆಣ್ಣಿಗ ಸ್ವಭಾವದ ಗಂಡಸನ್ನು ಕಾಮಿಡಿ ಟ್ರ್ಯಾಕಿಗೆ ಬಳಸಿಕೊಂಡ ಅಭ್ಯಾಸ ನಮ್ಮ ಸಿನಿಮಾಗಳಿಗೆ ಎಷ್ಟು ಹಳೆಯದು ಅಂದರೆ, ಒಂದೇ ಒಂದು ಕಟ್ ಸಾಕು, ಪ್ರೇಕ್ಷಕರು ಆ ಹಳೇ ಜಾಗಕ್ಕೆ ಹೋಗಿ ಕೂತುಬಿಡ್ತಾರೆ. ಧಾರವಾಡ ಕಡೆಯ ನಟ ಸಿಕ್ಕರೆ ಈ ಲೆಕ್ಕ ನಡೆಯೋದಿಲ್ಲ. ಅಲ್ಲಿ 'ಏನಲೇ' ಗಂಡಸಿಗೆ ಸಲ್ಲುವ ಮಾತು. ಮೈಸೂರು, ಹಾಸನ, ಮಂಡ್ಯ ಕಡೆಯ ನಾಲಿಗೆಯೇ ಬೇಕು.

ಇನ್ನೊಂದು ಸಾಧನ 'ಅವರು'. ಫೋನಿನಲ್ಲಿ ಅಮ್ಮ "ನಿನ್ನೆ ಯಾರು ಬಂದಿದ್ರೋ?" ಅಂತ ಕೇಳ್ತಾರೆ. ಮಹೇಶ "ಫ್ರೆಂಡ್ ಒಬ್ರು ಬಂದಿದ್ರು ಕಣಮ್ಮ, ಊಟ ಮಾಡ್ಕೊಂಡು ಹೋದ್ರು" ಅಂತಾನೆ. ಬಂದವರು ಗಂಡೋ ಹೆಣ್ಣೋ ಆ ಮಾತಿನಲ್ಲಿಲ್ಲ. ಮರ್ಯಾದೆಯ ಬಹುವಚನವೇ ಮುಚ್ಚಳ. ಅಮ್ಮನೂ ಮುಂದೆ 'ಅವರು' ಅಂತಲೇ ಕೇಳ್ತಾ ಹೋಗಲಿ. ಆಕೆಗೆ ಎಷ್ಟು ಗೊತ್ತು ಅನ್ನುವ ಪ್ರಶ್ನೆ ತಾನಾಗೇ ಏಳುತ್ತೆ, ನೀವು ಉತ್ತರ ಕೊಡಬೇಕಾಗಿಲ್ಲ.

ಪ್ರೇಮಿಗಳಲ್ಲ ಅಂತ ತಿಳಿಸೋಕೆ ಮೊದಲ ಮೂರು ನಿಮಿಷದೊಳಗೆ ಒಂದು ಕೆಲಸ ಆಗಬೇಕು. ತಡವಾದರೆ ನೋಡುವವರು ಇಬ್ಬರಿಗೂ ಮನಸ್ಸಿನಲ್ಲೇ ಮದುವೆ ಮಾಡಿರ್ತಾರೆ. ಮಹೇಶನ ಬಾಯ್‌ಫ್ರೆಂಡ್ ಬಿಟ್ಟುಹೋದ ಶರಟನ್ನು ಕಿರಣ ಮಡಚುತ್ತಾ "ಇದನ್ನ ನನ್ನ ಬೀರುಲಿ ಇಡ್ಲಾ? ಸೈಜ್ ನಂದೇ ಅನ್ಸುತ್ತೆ" ಅನ್ನೋದು ಸಾಕು. ಆ ಮೇಲೆ ಅವರಿಬ್ಬರ ನಡುವೆ ಎಷ್ಟು ಬೇಕಾದರೂ ಮೈ ಸೋಕಲಿ. ತಲೆಗೆ ಎಣ್ಣೆ ಹಚ್ಚೋದು, ತೊಡೆ ಮೇಲೆ ಕಾಲು ಹಾಕಿ ಕೂರೋದು, ಎಲ್ಲವೂ ಗೆಳೆತನವಾಗೇ ಕಾಣುತ್ತೆ.

ಪದಗಳ ಬಗ್ಗೆ ಒಂದು ಮಾತು. ಪತ್ರಿಕೆಗಳ 'ಸಲಿಂಗಕಾಮಿ' ಇವರ ಬಾಯಲ್ಲಿ ಬರಲೇಬಾರದು, ಬದುಕನ್ನೆಲ್ಲ ಕಾಮಕ್ಕೆ ಇಳಿಸುವ ಪದ ಅದು. ತಮ್ಮೊಳಗೆ 'ಗೇ' ಅಂತಾರೆ, ಇಲ್ಲವೇ "ಅವನೂ ಕಮ್ಯುನಿಟಿನೇ" ಅಂತಾರೆ. ಬಹುಪಾಲು ಹೊತ್ತು ಯಾವ ಪದವೂ ಬೇಕಾಗೋದಿಲ್ಲ.

ಕಥೆ ಯಾವ ವರ್ಷದ್ದು ಅಂತಲೂ ಈಗಲೇ ಗಟ್ಟಿ ಮಾಡಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಸೆಕ್ಷನ್ನಿನ ಹಲ್ಲು ಕಿತ್ತಿತು. ಅದಕ್ಕೂ ಹಿಂದಿನ ಕಥೆಯಾದರೆ ಬಾಗಿಲು ಬಡಿದಾಗ ಪೊಲೀಸರ ನೆನಪೂ ಇರುತ್ತೆ. ಇಂದಿನ ಕಥೆಯಾದರೆ ಭಯ ಓನರಿನದು, 11 ತಿಂಗಳ ಅಗ್ರಿಮೆಂಟಿನದು, ಊರಿನದು. ಎರಡನ್ನೂ ಕಲಸಿದರೆ ನಟರಿಗೆ ಯಾವ ಭಯ ಅಂತಲೇ ತಿಳಿಯದೆ ಸುಮ್ಮನೆ ಬೆಚ್ಚಿಬೀಳ್ತಾರೆ.

---

ಟೆಂಟ್_ಟಾಕೀಸು:

ಸಾಲುಮರ ಹೇಳಿದ್ದಕ್ಕೆ ಪೂರಾ ಒಪ್ಪಿಗೆ, ಒಂದನ್ನು ಬಿಟ್ಟು. ಮೂರನೇ ಸಲ ಕಿರಣ ಮರೆತು 'ಏನೇ' ಅನ್ನೋದು ಬೇಡ. ಅಲ್ಲಿಂದ ಚಿತ್ರ 'ಸಿಕ್ಕಿಬೀಳ್ತಾರಾ ಇಲ್ಲವಾ' ಅನ್ನುವ ಕುತೂಹಲಕ್ಕೆ ಜಾರುತ್ತೆ. ನೀವು ಮಾಡಹೊರಟಿರೋದು ಅದಲ್ಲ.

ಚಿತ್ರೀಕರಣದ ಕ್ರಮದ ಬಗ್ಗೆ ಹೇಳ್ತೀನಿ. ಆಂಡ್ರ್ಯೂ ಹೇಗ್ ಅವರ 'ವೀಕೆಂಡ್' (2011) ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತೆಗೆದ ಸಣ್ಣ ಬಜೆಟ್ಟಿನ ಸಿನಿಮಾ. ಅದನ್ನು ಕಥೆ ನಡೆಯುವ ಕ್ರಮದಲ್ಲೇ ಚಿತ್ರೀಕರಿಸಿದರು. ಸಾಮಾನ್ಯವಾಗಿ ಇದು ದುಬಾರಿ, ಒಂದೇ ಲೊಕೇಶನ್ನಿಗೆ ಎರಡು ಮೂರು ಸಲ ಹೋಗಬೇಕಾಗುತ್ತೆ. ನಿಮಗೆ ಇರೋದು ಒಂದೇ ಮನೆ, ಹಾಗಾಗಿ ಖರ್ಚಿಲ್ಲದೆ ಆ ಲಾಭ ಸಿಗುತ್ತೆ. ನಟರ ಸಲಿಗೆ ದಿನದಿಂದ ದಿನಕ್ಕೆ ತಾನೇ ಬೆಳೆಯುತ್ತೆ.

ನಿಮ್ಮ ಕಥೆಗೆ ಇನ್ನೂ ಒಂದು ಕಾರಣವಿದೆ. ಮನೆ ಗಂಟೆಗಂಟೆಗೂ ಬದಲಾಗ್ತಿರುತ್ತೆ. ಹಿಂದುಮುಂದಾಗಿ ತೆಗೆದರೆ ತೆಗೆದಿಟ್ಟ ಪೋಸ್ಟರ್ ಮುಂದಿನ ಶಾಟಿನಲ್ಲಿ ಗೋಡೆಗೆ ವಾಪಸ್ ಬಂದಿರುತ್ತೆ. ಮನೆಯನ್ನು ಆರು ಸ್ಥಿತಿಗಳಾಗಿ ಒಡೆದುಕೊಳ್ಳಿ: ಪೂರಾ ಅವರದ್ದಾಗಿದ್ದಾಗ, ಹಾಲ್ ಮುಗಿದಾಗ, ಅಡುಗೆಮನೆ ಮುಗಿದಾಗ, ಬಾತ್‌ರೂಮ್ ಮುಗಿದಾಗ, ಎರಡನೇ ಹಾಸಿಗೆ ಬಿಚ್ಚಿದಾಗ, ಬೆಳಗ್ಗೆ. ಪ್ರತಿ ಸ್ಥಿತಿಗೂ ಪ್ರತಿ ಗೋಡೆ, ಪ್ರತಿ ಶೆಲ್ಫಿನ ಫೋಟೋ ತೆಗೆದು ದೃಶ್ಯದ ನಂಬರ್ ಬರೆದಿಡಿ. ಗೋಡೆಯಿಂದ ಕೀಳುವ ಪ್ರತಿ ವಸ್ತುವೂ ಮೂರು ಪ್ರತಿ ಇರಲಿ. ಒಂದು ಟೇಕಿಗೆ ಒಂದು ಹರಿಯೋದು ಖಂಡಿತ.

ಅದೇ ಸಿನಿಮಾದಿಂದ ಗೆಳೆತನದ ಪಾಠವೂ ಒಂದಿದೆ. ಎಲ್ಲರೂ ನೆನೆಯೋದು ರಸೆಲ್ ಮತ್ತು ಗ್ಲೆನ್‌ರ ಎರಡು ದಿನದ ಪ್ರೇಮವನ್ನ. ಆದರೆ ಚಿತ್ರ ಶುರುವಾಗೋದು ರಸೆಲ್‌ನ ಗೆಳೆಯ ಜೇಮಿಯ ಮನೆಯ ಕೂಟದಲ್ಲಿ. ಜೇಮಿ ಗೇ ಅಲ್ಲ, ಹೆಂಡತಿ ಮಕ್ಕಳಿರುವವನು. ಕೊನೆಗೆ ಗ್ಲೆನ್‌ನನ್ನು ಬೀಳ್ಕೊಡೋಕೆ ರಸೆಲ್‌ನನ್ನು ರೈಲ್ವೆ ಸ್ಟೇಷನ್ನಿಗೆ ಕರೆದೊಯ್ಯೋದೂ ಅವನೇ. ಗೆಳೆತನಕ್ಕೆ ಅಲ್ಲಿ ಭಾಷಣವಿಲ್ಲ, ಒಂದು ಕೆಲಸ ಕೊಟ್ಟಿದ್ದಾರೆ. ನಿಮ್ಮ ಕಿರಣನಿಗೂ ಬೆಳಗ್ಗೆ ಒಂದು ಕೆಲಸ ಕೊಡಿ. ಐದು ಗಂಟೆಗೆ ಮೆಜೆಸ್ಟಿಕ್ಕಿಗೆ ಸ್ಕೂಟರಿನಲ್ಲಿ ಹೋಗಿ ಅಮ್ಮನ್ನ ಕರ್ಕೊಂಡು ಬರೋದು ಅವನೇ ಆಗಲಿ.

ಹತ್ತಿರದ ಉದಾಹರಣೆ ಬೇಕಾದರೆ ರೋಹನ್ ಕಾನವಡೆ ಅವರ ಮರಾಠಿ ಚಿತ್ರ 'ಸಾಬರ್ ಬೋಂಡ' ನೋಡಿ. 2025ರ ಸನ್‌ಡಾನ್ಸ್‌ನಲ್ಲಿ ವಿಶ್ವ ಸಿನಿಮಾ ಕಥಾಚಿತ್ರ ವಿಭಾಗದ ಗ್ರ್ಯಾಂಡ್ ಜ್ಯೂರಿ ಪ್ರಶಸ್ತಿ ಬಂದದ್ದು ಅದಕ್ಕೇ. ತಂದೆ ತೀರಿಕೊಂಡ ಮೇಲೆ ಹತ್ತು ದಿನದ ಸೂತಕಕ್ಕೆ ಮುಂಬೈನಿಂದ ಊರಿಗೆ ಬಂದವನು, ಬಾಲ್ಯದ ಗೆಳೆಯ, ತಾಯಿ, ಇಷ್ಟೇ ಜನ ಇಷ್ಟೇ ಜಾಗ. ಕ್ಯಾಮೆರಾ ಹಿಡಿದಿದ್ದು ನಮ್ಮ ವಿಕಾಸ್ ಅರಸ್, ನಟೇಶ್ ಹೆಗಡೆಯವರ 'ಪೆದ್ರೊ'ಗೂ ಅವರದೇ ಕ್ಯಾಮೆರಾ. ಅಲುಗಾಡದೆ ನಿಂತ ಫ್ರೇಮು, ಉದ್ದನೆಯ ಶಾಟು. ಮುಟ್ಟುವ ದೃಶ್ಯಗಳಲ್ಲಿ ಕ್ಯಾಮೆರಾ ಎಲ್ಲಿ ನಿಂತಿದೆ ಅನ್ನೋದನ್ನ ಗಮನಿಸಿ.

---

ಬೂಮ್_ಕೋಲು:

ಲೈಟು, ಸೌಂಡ್ ಎರಡನ್ನೂ ಹೇಳ್ತೀನಿ. ಸೌಂಡ್ ಮೊದಲು. ಇಂಥ ಚಿತ್ರಗಳು ಹಾಳಾಗೋದು ಅಲ್ಲೇ.

ಚಿಕ್ಕ ರೂಮಿನಲ್ಲಿ ಉದ್ದ ಶಾಟ್‌ಗನ್ ಮೈಕ್ ತರಬೇಡಿ. ಬರೀ ಗೋಡೆ, ಟೈಲ್ಸ್ ಇರುವ ಕಡೆ ಹಿಂದಿನಿಂದ ಪಕ್ಕದಿಂದ ಬರುವ ಪ್ರತಿಧ್ವನಿಯನ್ನ ಅದು ಬಣ್ಣಗೆಡಿಸಿ ತಗೊಳ್ಳುತ್ತೆ, ಡಬ್ಬದೊಳಗೆ ಮಾತಾಡಿದ ಹಾಗಿರುತ್ತೆ. ಹೈಪರ್‌ಕಾರ್ಡಿಯಾಯ್ಡ್ ಮೈಕ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಗಿಡ್ಡ ಮೈಕು) ಬಾಡಿಗೆಗೆ ತನ್ನಿ. ತಲೆಯ ಮೇಲಿಂದ ಒಂದೂವರೆ ಎರಡು ಅಡಿಯೊಳಗೆ ಹಿಡೀಬೇಕು. ಫ್ರೇಮಿನಾಚೆಯ ಗೋಡೆಗಳಿಗೆ ದಪ್ಪ ಕಂಬಳಿ, ನೆಲಕ್ಕೆ ಜಮಖಾನ. ಆರೆಂಟು ಕಂಬಳಿ ಇದ್ದರೆ ರೂಮು ಸುಧಾರಿಸುತ್ತೆ.

ನಿಮ್ಮವರು ಕೆಲಸ ಮಾಡ್ತಾ ಒಬ್ಬರ ಮೇಲೊಬ್ಬರು ಮಾತಾಡ್ತಾರೆ, ಅದೇ ಗೆಳೆತನದ ಲಯ. ಆದ್ದರಿಂದ ಇಬ್ಬರಿಗೂ ಬೇರೆ ಬೇರೆ ಲ್ಯಾಪೆಲ್ (ಬಟ್ಟೆಗೆ ಸಿಕ್ಕಿಸುವ) ಮೈಕು, ಬೇರೆ ಬೇರೆ ಟ್ರ್ಯಾಕು. ಮಾತಿನ ಮೇಲೆ ಮಾತು ಬೀಳೋದು ಇಬ್ಬರೂ ಕಾಣುವ ವೈಡ್ ಶಾಟಿನಲ್ಲಿ ಮಾತ್ರ ಇರಲಿ. ಕ್ಲೋಸಪ್ಪಿನಲ್ಲಿ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡಬೇಕು, ಅಂದರೆ ಎಡಿಟಿಂಗ್‌ನಲ್ಲಿ ನಮಗೆ ಬೇಕಾದಷ್ಟು ಮೇಲೆ ಹಾಯಿಸಬಹುದು. ಕ್ಲೋಸಪ್ಪಿನಲ್ಲೇ ಮಾತು ಕಲಸಿಹೋದರೆ ಕತ್ತರಿ ಹಾಕೋಕೆ ಜಾಗವೇ ಇರಲ್ಲ. 48 ಕಿಲೋಹರ್ಟ್ಸ್, 24 ಬಿಟ್, ಜೋರು ಮಾತು ಮೈನಸ್ 12 ಡಿಬಿ ಹತ್ತಿರ ನಿಲ್ಲಲಿ.

ಫ್ರಿಜ್ಜು ಆಫ್ ಮಾಡ್ತೀರಿ, ಆಮೇಲೆ ಮರೀತೀರಿ. ಪ್ರೊಡಕ್ಷನ್ ನೋಡಿಕೊಳ್ಳುವವರ ಗಾಡಿ ಕೀ ಫ್ರಿಜ್ಜಿನೊಳಗೆ ಇಡಿ, ಮನೆಗೆ ಹೋಗುವಾಗ ತಾನೇ ನೆನಪಾಗುತ್ತೆ. ಯುಪಿಎಸ್, ಬಾತ್‌ರೂಮಿನ ಎಕ್ಸಾಸ್ಟ್, ಬೋರ್‌ವೆಲ್ ಮೋಟ್ರು, ಇವುಗಳ ಸ್ವಿಚ್ ಎಲ್ಲಿದೆ ಅಂತ ಹಿಂದಿನ ದಿನವೇ ನೋಡಿ. ರಾತ್ರಿಯ ಕಥೆಯನ್ನ ಹಗಲು ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ತೆಗೀಬೇಡಿ. ಚಿತ್ರದಲ್ಲಿ ಕತ್ತಲೆ ಇರುತ್ತೆ, ಕಿವಿಗೆ ತರಕಾರಿ ಗಾಡಿಯ ಸ್ಪೀಕರು, ಕಸದ ಗಾಡಿಯ ಹಾಡು ಬೀಳುತ್ತೆ. ರಾತ್ರಿ ಹತ್ತರಿಂದ ಬೆಳಗಿನ ಜಾವ ನಾಲ್ಕರವರೆಗೆ ತೆಗೀರಿ, ಪಕ್ಕದ ಮನೆಯವರಿಗೆ ಮುಂಚೆಯೇ ಹೇಳಿ. ಪ್ರತಿ ರೂಮಿನಲ್ಲೂ ಎಲ್ಲರೂ ಉಸಿರು ಬಿಗಿಹಿಡಿದು ನಿಂತು 60 ಸೆಕೆಂಡ್ ಖಾಲಿ ರೂಮಿನ ಸದ್ದು ರೆಕಾರ್ಡ್ ಮಾಡ್ಕೊಳ್ಳಿ. ಬಕೆಟ್, ಸ್ಟೀಲ್ ಲೋಟ, ಬೀರು ಬಾಗಿಲು, ಕುಕ್ಕರ್ ಸೀಟಿ ಎಲ್ಲ ಪ್ರತ್ಯೇಕವಾಗಿ.

ಫ್ಯಾನು ದೊಡ್ಡ ತಲೆನೋವು. ತಿರುಗಿದರೆ ಸದ್ದು, ಜೊತೆಗೆ ರೆಕ್ಕೆ ಲೈಟಿಗೆ ಅಡ್ಡ ಬಂದು ಗೋಡೆಯೆಲ್ಲ ಮಿನುಗುತ್ತೆ. ನಿಲ್ಲಿಸಿದರೆ ಏಪ್ರಿಲ್ ರಾತ್ರಿ ಅಂತ ಯಾರೂ ನಂಬಲ್ಲ. ಫ್ಯಾನನ್ನ ಫ್ರೇಮಿನಿಂದ ಹೊರಗಿಡಿ. ಬಾಗಿಲಾಚೆ ಒಂದು ಟೇಬಲ್ ಫ್ಯಾನ್ ಸಣ್ಣ ವೇಗದಲ್ಲಿಟ್ಟು ಕ್ಯಾಲೆಂಡರಿನ ಹಾಳೆ ಅಲುಗಾಡಿದರೆ ಸಾಕು. ಇಲ್ಲವಾದರೆ ಕಥೆಯನ್ನ ಡಿಸೆಂಬರಿಗೆ ಒಯ್ಯಿರಿ.

ಲೈಟಿಗೆ ಬಂದರೆ, ನಮ್ಮ ಕರೆಂಟು 50 ಹರ್ಟ್ಸ್. 24 ಫ್ರೇಮಿಗೆ ಶಟರ್ 1/50 ಇಡಿ, 1/60 ಇಟ್ಟರೆ ಟ್ಯೂಬ್‌ಲೈಟಿನ ಪಟ್ಟೆಗಳು ಹರಿದಾಡುತ್ತವೆ. ಅಗ್ಗದ ಎಲ್‌ಇಡಿ ಬಲ್ಬುಗಳು ಆಗಲೂ ಮಿನುಗಬಹುದು, ಪ್ರತಿಯೊಂದನ್ನೂ ಒಂದೊಂದು ನಿಮಿಷ ರೆಕಾರ್ಡ್ ಮಾಡಿ ಲ್ಯಾಪ್‌ಟಾಪ್‌ನಲ್ಲಿ ನೋಡಿ ಆಮೇಲೆ ಖರೀದಿಸಿ. ಬೆಂಗಳೂರಿನ ಬಾಡಿಗೆ ಮನೆ ಅಂದರೆ 6500 ಕೆಲ್ವಿನ್ನಿನ ಬಿಳಿ ಬ್ಯಾಟನ್ ಲೈಟು. ಅದನ್ನ ತೆಗೀಬೇಡಿ, ಚಂದ ಮಾಡೋಕೂ ಹೋಗಬೇಡಿ. ಹಾಲಿಗೆ ಅದೇ ಇರಲಿ, ಅಡುಗೆಮನೆಗೆ ಮಾತ್ರ 9 ವ್ಯಾಟಿನ ಹಳದಿ ಬಲ್ಬು, ಕ್ಯಾಮೆರಾ ವೈಟ್ ಬ್ಯಾಲೆನ್ಸ್ 4500ರ ಸುತ್ತ. ಇಬ್ಬರೂ ನಿರಾಳವಾಗಿ ಮಾತಾಡುವ ಜಾಗ ಅಡುಗೆಮನೆ ಅಂತ ಬಣ್ಣವೇ ಹೇಳುತ್ತೆ.

ಸುಣ್ಣದ ಗೋಡೆಯ ಮುಂದೆ ಕಪ್ಪು ಮೈಬಣ್ಣದ ನಟರು ನಿಂತಾಗ ಕ್ಯಾಮೆರಾದ ಆಟೊ ಎಕ್ಸ್‌ಪೋಶರ್ ಗೋಡೆಯನ್ನ ಉಳಿಸಿ ಮುಖವನ್ನ ಮುಳುಗಿಸುತ್ತೆ. ಮುಖಕ್ಕೆ ಎಕ್ಸ್‌ಪೋಸ್ ಮಾಡಿ. ಗೋಡೆ ಹೆಚ್ಚು ಬೆಳಗಿದರೆ 4×6 ಅಡಿಯ ಕಪ್ಪು ಬಟ್ಟೆಯಿಂದ ಲೈಟನ್ನ ಗೋಡೆಗೆ ಬೀಳದ ಹಾಗೆ ಕತ್ತರಿಸಿ. ಮುಖವನ್ನ ಬೆಳ್ಳಗೆ ಮಾಡೋಕೆ ಹೋಗಬೇಡಿ.

10×12 ರೂಮಿನಲ್ಲಿ 16 ಎಂಎಂ ಇಬ್ಬರನ್ನೂ ಹಿಡಿಯುತ್ತೆ, ಆದರೆ ಅಂಚಿನಲ್ಲಿ ಕೂತವನ ಮುಖ ಎಳೆದ ಹಾಗೆ ಆಗುತ್ತೆ. ಒಂದು 23 ಅಥವಾ 24 ಎಂಎಂ ಸೇರಿಸಿಕೊಳ್ಳಿ. ರೂಮಿನ ಬಾಗಿಲನ್ನ ಕೀಲಿನಿಂದ ಬಿಚ್ಚಿ ತೆಗೆದು ಕ್ಯಾಮೆರಾವನ್ನ ಪಕ್ಕದ ರೂಮಿನಲ್ಲಿಡಿ. ನಾಲ್ಕಡಿ ಜಾಗ ಹೆಚ್ಚು ಸಿಗುತ್ತೆ, ಬಾಗಿಲ ಚೌಕಟ್ಟು ಪುಕ್ಕಟೆಯಾಗಿ ಫ್ರೇಮ್ ಕಟ್ಟಿಕೊಡುತ್ತೆ.

ಡೇಟಾ ಲೆಕ್ಕ: 100 ಎಂಬಿಪಿಎಸ್‌ನಲ್ಲಿ ಗಂಟೆಗೆ 45 ಜಿಬಿ. 18 ನಿಮಿಷದ ಚಿತ್ರಕ್ಕೆ ಎಂಟು ಪಟ್ಟು ತೆಗೆದರೆ 144 ನಿಮಿಷ, ಅಂದರೆ ಸುಮಾರು 108 ಜಿಬಿ. ಮೂರು ಪ್ರತಿ, ಎರಡು ಡಿಸ್ಕು ಒಂದೇ ಬ್ಯಾಗಿನಲ್ಲಿ ಬೇಡ.

---

ಸಾಲುಮರ:

ಸೌಂಡಿನವರು ಅಡುಗೆಮನೆ ಬಗ್ಗೆ ಹೇಳಿದ್ದು ಬಹಳ ಸರಿ. ಒಂದು ಮಾತು ಬಿಟ್ಟಿದ್ದೆ. ನಟರ ಆಯ್ಕೆ ಮಾಡುವಾಗ "ನೀವು ಗೇನಾ?" ಅಂತ ಯಾರನ್ನೂ ಕೇಳಬೇಡಿ. ಹೇಳಿಕೊಂಡವರು ಹೇಳಿಕೊಳ್ಳಲಿ. ತಂಡದಲ್ಲಿ ಮನೆಯವರಿಗೆ ಹೇಳಿಲ್ಲದವರು ಇರಬಹುದು. ಟೈಟಲ್ ಕಾರ್ಡಿನಲ್ಲಿ ಯಾವ ಹೆಸರು ಹಾಕಬೇಕು, ಸೆಟ್ಟಿನ ಫೋಟೋ ಯಾರು ಎಲ್ಲಿ ಹಾಕಬಹುದು ಅನ್ನೋದು ಒಪ್ಪಂದದ ಕಾಗದದಲ್ಲೇ ಇರಲಿ. ವಾಟ್ಸಾಪ್ ಗುಂಪಿಗೆ, ಕಾಲ್‌ಶೀಟಿಗೆ ಕಥೆಯ ಸುಳಿವು ಕೊಡದ ಒಂದು ಹೆಸರಿಡಿ. ಎಣ್ಣೆ ಹಚ್ಚುವ ದೃಶ್ಯವೇ ಆದರೂ ಎಲ್ಲಿ ಕೈ ಇಡೋದು, ಎಲ್ಲಿ ಇಡಬಾರದು ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡು ಅಭ್ಯಾಸ ಮಾಡಲಿ.

---

ಒಂದೂಮುಕ್ಕಾಲು_ರೂಮು:

ತುಂಬಾ ಥ್ಯಾಂಕ್ಸ್. ಏ-ಓ ವಿಚಾರ ಸ್ಕ್ರಿಪ್ಟಿನಲ್ಲಿ ಇರಲೇ ಇಲ್ಲ, ಈಗ ಬರುತ್ತೆ. ಮೆಜೆಸ್ಟಿಕ್ಕಿಗೆ ಕಿರಣ ಹೋಗೋದೂ ಬರುತ್ತೆ. ಆದರೆ ಈ ಏ-ಓ ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಹೇಗೆ? ಇಬ್ಬರೂ ಕೆಲಸ ಮಾಡ್ತಾ ಒಂದು ಹಳೇ ಸಿನಿಮಾ ಹಾಡು ಗುನುಗೋದಿದೆ, ಅದಕ್ಕೆ ತೊಂದರೆ ಇದೆಯಾ? ಮನೆಯಲ್ಲಿ ಒಂದು ಬೆಕ್ಕೂ ಇದೆ.

---

ಕತ್ತರಿ_ಅಂಟು:

ಸಬ್‌ಟೈಟಲ್: 'ತೆಗ್ಯೇ'ಗೆ 'ಗರ್ಲ್' ಸೇರಿಸಿ, 'ನೋಡೋ'ಗೆ 'ಬ್ರೋ' ಸೇರಿಸಿ. ಇಂಗ್ಲಿಷ್ ಕ್ರಿಯಾಪದದಲ್ಲಿ ಆ ಗುರುತು ಇಲ್ಲ, ಕರೆಯುವ ಪದದಲ್ಲೇ ತರಬೇಕು. ಮೂರೂ ಜಾಗದಲ್ಲಿ ಅದೇ ಎರಡು ಪದ ಇರಲಿ, ಬದಲಿಸಿದರೆ ಜಾಡು ತಪ್ಪುತ್ತೆ. 'ಅವರು' ಬಂದಲ್ಲಿ ಹೀ, ಶೀ ಎರಡೂ ಬೇಡ. ಕರ್ತೃವನ್ನೇ ಬಿಡಿ: ಫ್ರೆಂಡ್ ಬಂದಿದ್ದರು, ಉಂಡರು, ಹೋದರು ಅನ್ನುವಂಥ ಮೊಟಕು ವಾಕ್ಯ ಇಂಗ್ಲಿಷಿನಲ್ಲೂ ಫೋನ್ ಮಾತಿಗೆ ಒಪ್ಪುತ್ತೆ. ಅನುವಾದ ಮಾಡುವವರಿಗೆ ಇದನ್ನ ಮೊದಲೇ ಹೇಳದಿದ್ದರೆ ಅವರು ಒಳ್ಳೇ ಮನಸ್ಸಿನಿಂದ 'ಹೀ' ಅಂತ ಬರೆದು, ಮಹೇಶ ಮುಚ್ಚಿಟ್ಟಿದ್ದನ್ನ ಪರದೆ ಮೇಲೆ ಬಿಚ್ಚಿಬಿಡ್ತಾರೆ. ಸಾಲಿಗೆ 42 ಅಕ್ಷರ, ಎರಡೇ ಸಾಲು, ಒಂದು ಸೆಕೆಂಡಿಗಿಂತ ಕಡಿಮೆ ಬೇಡ, ಆರು ಸೆಕೆಂಡ್ ದಾಟಬೇಡ. ಇಬ್ಬರೂ ಒಟ್ಟಿಗೆ ಮಾತಾಡುವಲ್ಲಿ ಒಬ್ಬರಿಗೊಂದು ಸಾಲು, ಮುಂದೆ ಒಂದು ಅಡ್ಡಗೆರೆ.

ಹಾಡು: ಗುನುಗಿದರೂ ಹಕ್ಕು ಬೇಕು. ಧ್ವನಿಮುದ್ರಣದ ಹಕ್ಕು ಬೇರೆ, ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬೇರೆ. ನಟ ಗುನುಗಿದಾಗ ಮೊದಲನೆಯದು ಬೇಕಾಗೋದಿಲ್ಲ, ಎರಡನೆಯದು ಬೇಕು. ಅದು ಬರೆದವರು, ರಾಗ ಹಾಕಿದವರು ತೀರಿಕೊಂಡು 60 ವರ್ಷದವರೆಗೆ ಇರುತ್ತೆ. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಭಾವಗೀತೆಗೂ ಇದೇ ನಿಯಮ, 2054ರ ಕೊನೆಯವರೆಗೆ. ವಚನವೋ ದಾಸರ ಪದವೋ ಆದರೆ ಸಾಹಿತ್ಯಕ್ಕೆ ತೊಂದರೆ ಇಲ್ಲ, ಆದರೆ ಈಚಿನವರು ಹಾಕಿದ ಜನಪ್ರಿಯ ರಾಗದಲ್ಲಿ ಹಾಡಿದರೆ ಮತ್ತೆ ಅದೇ ತೊಂದರೆ. ಗೊತ್ತಿರುವವರಿಂದ ನಾಲ್ಕು ಸಾಲು ಬರೆಸಿ, ಹೊಸ ರಾಗ ಹಾಕಿಸಿ, ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ.

ಬೆಕ್ಕು: ಸೆನ್ಸಾರ್ ಪ್ರಮಾಣಪತ್ರ ಬೇಕಿದ್ದರೆ ಪ್ರಾಣಿ ಬಳಸೋಕೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಶೂಟಿಂಗಿಗೆ ಮುಂಚೆಯೇ ಬೇಕು. ಬೆಕ್ಕಿನ ಊಟದ ತಟ್ಟೆ ತೋರಿಸಿ, ಬೆಕ್ಕು ಬೇಡ. ಸಿಗರೇಟೂ ಬೇಡ, ಥಿಯೇಟರಿಗೆ ಹೋದರೆ ಎಚ್ಚರಿಕೆಯ ಸಾಲು ಚಿತ್ರದ ಮೇಲೆ ಬರುತ್ತೆ.

ಸೆನ್ಸಾರ್: ಯೂಟ್ಯೂಬಿಗೆ ಹಾಕೋಕೆ ಬೇಡ. ಥಿಯೇಟರಿನಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಕಿರುಚಿತ್ರವಾದರೂ ಬೇಕು, ಬೆಂಗಳೂರಿನಲ್ಲೇ ಪ್ರಾದೇಶಿಕ ಕಚೇರಿ ಇದೆ. ಫೆಸ್ಟಿವಲ್‌ಗಳಿಗೆ ಆಯೋಜಕರೇ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ತರ್ತಾರೆ. ನಿಮ್ಮಿಂದ ಕೇಳೋದು ಸಾರಾಂಶ, ಅವಧಿ, ತಂಡದ ವಿವರ. 1991ರ ಮಾರ್ಗಸೂಚಿಯಲ್ಲಿ ಸಲಿಂಗ ಪ್ರೇಮ ತೋರಿಸಬಾರದು ಅಂತ ಎಲ್ಲೂ ಇಲ್ಲ. 2023ರ ತಿದ್ದುಪಡಿಯಾದ ಮೇಲೆ ಯುಎ (ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡುವ ದರ್ಜೆ) ಅನ್ನೋದು 7, 13, 16 ವರ್ಷ ಅಂತ ಮೂರಾಗಿದೆ. ಮೇಲ್ಮನವಿಗೆ ಇದ್ದ ನ್ಯಾಯಮಂಡಳಿ 2021ರಲ್ಲೇ ರದ್ದಾಯಿತು, ಈಗ ಒಪ್ಪಿಗೆಯಾಗದಿದ್ದರೆ ನೇರ ಹೈಕೋರ್ಟೇ. ಶ್ರೀಧರ ರಂಗಾಯನ್ ಅವರ 'ಗುಲಾಬಿ ಆಯಿನಾ'ಕ್ಕೆ 2003ರಲ್ಲಿ ಪ್ರಮಾಣಪತ್ರ ಸಿಗಲಿಲ್ಲ. 2010ರಲ್ಲಿ ಅವರೇ ಮುಂಬೈಯಲ್ಲಿ ಕ್ವಿಯರ್ (ಸಲಿಂಗ ಪ್ರೇಮಿಗಳು, ಲಿಂಗತ್ವ ಅಲ್ಪಸಂಖ್ಯಾತರ) ಚಿತ್ರಗಳ 'ಕಶಿಶ್' ಫೆಸ್ಟಿವಲ್ ಶುರುಮಾಡಿದರು. ನಿಮ್ಮ ಚಿತ್ರ ಹೋಗಬೇಕಾದ ಮೊದಲ ಜಾಗಗಳಲ್ಲಿ ಅದೊಂದು, ಬೆಂಗಳೂರು ಕ್ವಿಯರ್ ಫಿಲ್ಮ್ ಫೆಸ್ಟಿವಲ್ ಇನ್ನೊಂದು. ಫೆಸ್ಟಿವಲ್ ಸುತ್ತು ಮುಗಿಯೋವರೆಗೆ ಸಾರ್ವಜನಿಕವಾಗಿ ಆನ್‌ಲೈನ್‌ನಲ್ಲಿ ಹಾಕಬೇಡಿ, ಕೆಲವು ಕಡೆ ಅದೊಂದೇ ಕಾರಣಕ್ಕೆ ತಿರಸ್ಕರಿಸ್ತಾರೆ. ಪಾಸ್‌ವರ್ಡ್ ಇರುವ ಲಿಂಕ್ ಕಳಿಸಿ. ಡಿಸಿಪಿ, ಅಂದರೆ ಥಿಯೇಟರಿನ ಪ್ರೊಜೆಕ್ಟರಿಗೆ ಕೊಡುವ ಡಿಜಿಟಲ್ ಪ್ರತಿ, 1998×1080, 24 ಫ್ರೇಮ್ ಇರಲಿ. ಆದಷ್ಟು 15 ನಿಮಿಷಕ್ಕೆ ಇಳಿಸಿ. ನಾಲ್ಕೈದು ಕಿರುಚಿತ್ರ ಸೇರಿಸಿ ಒಂದು ಪ್ರದರ್ಶನ ಮಾಡುವವರಿಗೆ 15 ನಿಮಿಷದ್ದು ಸುಲಭವಾಗಿ ಕೂರುತ್ತೆ.

---

ಒಂದೂಮುಕ್ಕಾಲು_ರೂಮು:

ಕೊನೇ ಪ್ರಶ್ನೆ. ಪೋಸ್ಟರ್ ತೆಗೆದ ಮೇಲೆ ಗೋಡೆಯಲ್ಲಿ ಉಳಿಯುವ ಚೌಕದ ಗುರುತು ಬೇಕು. ಸುತ್ತ ಮಾಸಿರಬೇಕು, ಪೋಸ್ಟರ್ ಇದ್ದ ಜಾಗ ಮಾತ್ರ ಹೊಸದಾಗಿರಬೇಕು. ಬಾಡಿಗೆ ಮನೆ, ಪೇಂಟ್ ಮಾಡೋ ಹಾಗಿಲ್ಲ.

---

ಟೆಂಟ್_ಟಾಕೀಸು:

ಓನರಿನ ಗೋಡೆ ಮುಟ್ಟಬೇಡಿ. ಗೋಡೆಯ ಆ ಭಾಗಕ್ಕೆ 6×4 ಅಡಿಯ ತೆಳು ಪ್ಲೈವುಡ್ ಹಲಗೆ ನಿಲ್ಲಿಸಿ, ಗೋಡೆಯದೇ ಬಣ್ಣದ ಡಿಸ್ಟೆಂಪರ್ ಎರಡು ಕೋಟ್ ಹೊಡೀರಿ. ಅಂಚು ಕಾಣದ ಹಾಗೆ ಒಂದು ಕಡೆ ಬೀರು, ಇನ್ನೊಂದು ಕಡೆ ಪರದೆ, ಕೆಳಗೆ ದಿವಾನ. ಪೋಸ್ಟರಿನ ಅಳತೆಗೆ ಕಾಗದ ಕತ್ತರಿಸಿ ಮಾಸ್ಕಿಂಗ್ ಟೇಪಿನಿಂದ ಅಂಟಿಸಿ. ಸೋಸಿದ ಟೀ ಡಿಕಾಕ್ಷನ್‌ಗೆ ಎಂಟು ಪಾಲು ನೀರು ಬೆರೆಸಿ, ಸ್ಪಂಜಿನಿಂದ ಸುತ್ತ ಒರೆಸಿ, ಒಣಗಿದ ಮೇಲೆ ಮತ್ತೆರಡು ಸಲ. ಒಂದೇ ಸಲ ಗಟ್ಟಿಯಾಗಿ ಹಚ್ಚಿದರೆ ಧಾರೆ ಇಳಿದು ಮಳೆ ಸೋರಿದ ಗೋಡೆಯ ಹಾಗೆ ಕಾಣುತ್ತೆ. ಎರಡು ದಿನ ಮುಂಚೆ ಮಾಡಿ, ತೇವ ಇದ್ದರೆ ಬ್ಯಾಟನ್ ಲೈಟಿಗೆ ಮಿಂಚುತ್ತೆ. ಕಣ್ಣಿಗೆ ಕಾಣೋದಕ್ಕಿಂತ ಸ್ವಲ್ಪ ಹೆಚ್ಚೇ ಮಾಸಿರಲಿ, ಕ್ಯಾಮೆರಾದಲ್ಲಿ ಅರ್ಧ ಹೋಗುತ್ತೆ. ಮತ್ತೆ, ಅಮ್ಮ ಕೂರುವ ಕುರ್ಚಿಯನ್ನ ಆ ಗೋಡೆಗೆ ಎದುರಾಗಿಡಿ.